ರೈಲಿಲ್ಲದ ಊರಿನವರಿಗೆ ರೈಲಿನ ಲೆಕ್ಕ

 

ಈ ಸಲ ಗೋಡೆ ಪತ್ರಿಕೆಯ ಗಣಿತದ ಪುಟ ಬರೆಯುವ ಪಾಳಿ ನನ್ನದು. ನಾನು ಆರಿಸಿಕೊಂಡ ವಿಷಯ "ಓಡುವ ರೈಲುಗಳ ಲೆಕ್ಕ". ಇದಕ್ಕೆ ಪುಸ್ತಕದಲ್ಲಿ ಸಾಪೇಕ್ಷ ವೇಗ ಎಂದು ಹೆಸರು. ಹೆಸರು ಕೇಳಿ ಹೆದರಬೇಡ್ರಿ, ಒಳಗೆ ಇರೋದು ಕೂಡಿಸುವ ಕಳೆಯುವ ಲೆಕ್ಕವೇ.

ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರಿಗೆ ರೈಲು ಇಲ್ಲ. ನಾವು ರೈಲು ನೋಡಬೇಕಂದ್ರ ಧಾರವಾಡಕ್ಕೆ ಇಲ್ಲವೇ ಬೆಳಗಾವಿಗೆ ಹೋಗಬೇಕು. ರಾಮದುರ್ಗದ ಕಡೆಯವರು ಬದಾಮಿಗೂ ಹೋಗಬಹುದು. ನಮ್ಮ ತರಗತಿಯಲ್ಲಿ ರೈಲು ಹತ್ತಿದವರು ಬೆರಳೆಣಿಕೆಯಷ್ಟು ಮಂದಿ. ಆದರೆ ಲೆಕ್ಕದ ಪುಸ್ತಕ ತೆರೆದರೆ ಸಾಕು, "ಒಂದು ರೈಲು ಗಂಟೆಗೆ 54 ಕಿ.ಮೀ. ವೇಗದಲ್ಲಿ..." ಎಂದು ಶುರುವಾಗುತ್ತದೆ. ಮುಂದಿನ ವರ್ಷ ಎಂಟನೆಯ ತರಗತಿಗೆ ಹೋದಾಗ ನಾವು ಎನ್‌ಎಂಎಂಎಸ್ ಪರೀಕ್ಷೆ ಬರೆಯಬಹುದು. ಅದರಲ್ಲಿ ಆಯ್ಕೆಯಾದ ಬಡ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿ ವೇತನ ಸಿಗುತ್ತದೆ. ಇಂಥ ಪರೀಕ್ಷೆಗಳಿಗೆ ಓದುವವರಿಗೆ ವೇಗದ ಲೆಕ್ಕ ಬೇಕೇ ಬೇಕು. ರೈಲು ನೋಡಿಲ್ಲ ಎಂಬ ಕಾರಣಕ್ಕೆ ನಾವು ಹಿಂದೆ ಬೀಳುವುದು ಸರಿಯಲ್ಲ.

ಬಹಳ ಮಂದಿ ಒಂದು ಸೂತ್ರ ಬಾಯಿಪಾಠ ಮಾಡಿರುತ್ತಾರೆ. "ಎದುರು ಬಂದರೆ ಕೂಡಿಸು, ಒಂದೇ ಕಡೆ ಹೋದರೆ ಕಳೆ." ಸೂತ್ರ ಸರಿ ಐತಿ. ಆದರೆ ಏಕೆ ಕೂಡಿಸಬೇಕು, ಏಕೆ ಕಳೆಯಬೇಕು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೊಟ್ಟರೆ ಸೂತ್ರ ಕೈಕೊಡುತ್ತದೆ. ಆದ್ದರಿಂದ ನಾನು ಇಲ್ಲಿ ಸೂತ್ರಕ್ಕಿಂತ ಮುಂಚೆ ಎರಡು ಪ್ರಶ್ನೆಗಳನ್ನು ಕೊಡುತ್ತೇನೆ. ಯಾವ ರೈಲಿನ ಲೆಕ್ಕ ಬಂದರೂ ಇವೆರಡನ್ನೇ ಕೇಳಿಕೊಳ್ಳಿರಿ.

ಪ್ರಶ್ನೆ 1: ಒಂದು ಸೆಕೆಂಡಿಗೆ (ಇಲ್ಲವೇ ಒಂದು ಗಂಟೆಗೆ) ಇಬ್ಬರ ನಡುವಿನ ಅಂತರ ಎಷ್ಟು ಬದಲಾಗುತ್ತದೆ?

ಪ್ರಶ್ನೆ 2: ಒಟ್ಟು ಎಷ್ಟು ಅಂತರ ಮುಗಿಯಬೇಕು?

ಎರಡನೆಯ ಉತ್ತರವನ್ನು ಮೊದಲನೆಯ ಉತ್ತರದಿಂದ ಭಾಗಿಸಿದರೆ ಕಾಲ ಸಿಗುತ್ತದೆ. ಇಷ್ಟೇ ನೋಡ್ರಿ ಇದರ ಗುಟ್ಟು.

ಲೆಕ್ಕ ರೈಲಿಗಿಂತ ಹಳೆಯದು

ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿ ಬಂದರದಿಂದ ಠಾಣೆಗೆ ಓಡಿತು. ಆದರೆ ಅದಕ್ಕಿಂತ ಸುಮಾರು ಸಾವಿರ ವರ್ಷ ಮುಂಚೆಯೇ ನಮ್ಮ ಕನ್ನಡ ನಾಡಿನಲ್ಲಿ ಇಂಥ ಲೆಕ್ಕ ಇತ್ತು. ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು "ಗಣಿತಸಾರಸಂಗ್ರಹ" ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದರು. ಬೇರೆ ಬೇರೆ ವೇಗದಲ್ಲಿ ನಡೆಯುವ ಇಬ್ಬರು ಯಾವಾಗ ಕೂಡುತ್ತಾರೆ ಎಂಬ ಲೆಕ್ಕ ಅದರಲ್ಲಿ ಬರುತ್ತದೆ. ಅಲ್ಲಿ ರೈಲೂ ಇಲ್ಲ, ಬಸ್ಸೂ ಇಲ್ಲ. ಅಂದಮೇಲೆ ಈ ಲೆಕ್ಕ ತಿಳಿಯಲಿಕ್ಕೆ ರೈಲು ನೋಡಿರಲೇಬೇಕು ಅಂತೇನಿಲ್ಲ. ನಡೆಯುವವರನ್ನು ನೋಡಿದ್ದರೆ ಸಾಕು.

ಚಕ್ಕಡಿಯಲ್ಲಿ ಕುಳಿತು ನೋಡ್ರಿ

ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಸಾಲು ಹಿಡಿದು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ನೀವು ಒಂದು ಚಕ್ಕಡಿಯಲ್ಲಿ ಕುಳಿತಿದ್ದೀರಿ ಅಂದುಕೊಳ್ಳಿರಿ. ಮುಂದಿನ ಚಕ್ಕಡಿಯೂ ಗಂಟೆಗೆ 4 ಕಿ.ಮೀ., ನಿಮ್ಮದೂ ಗಂಟೆಗೆ 4 ಕಿ.ಮೀ. ಒಂದು ತಾಸು ಹೋದರೂ ಅದು ಅಷ್ಟೇ ದೂರದಲ್ಲಿ ಇರುತ್ತದೆ. ನಿಮ್ಮ ಕಣ್ಣಿಗೆ ಅದು ನಿಂತಂಗ. ಆದರೆ ದಂಡೆಯ ಬೇವಿನ ಗಿಡ ನೋಡಿದರೆ ಗಿಡವೇ ಹಿಂದಕ್ಕೆ ಓಡಿದಂಗ ಕಾಣುತ್ತದೆ.

ಗಿಡ ನಿಜವಾಗಿ ಓಡುವುದಿಲ್ಲ, ಮುಂದಿನ ಚಕ್ಕಡಿ ನಿಜವಾಗಿ ನಿಂತಿಲ್ಲ. ಒಬ್ಬರಿಂದ ನೋಡಿದಾಗ ಇನ್ನೊಬ್ಬರ ವೇಗ ಎಷ್ಟು ಕಾಣುತ್ತದೆಯೋ ಅದೇ ಸಾಪೇಕ್ಷ ವೇಗ. ಮುಂದಿನ ಚಕ್ಕಡಿಯ ಸಾಪೇಕ್ಷ ವೇಗ ಸೊನ್ನೆ, ಗಿಡದ್ದು ಗಂಟೆಗೆ 4 ಕಿ.ಮೀ.

ಕ್ರಿ.ಶ. 499ರ ಆರ್ಯಭಟರಿಗೂ ಇದು ಗೊತ್ತಿತ್ತು. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಂಡೆಯ ಮೇಲೆ ನಿಂತದ್ದು ಹಿಂದೆ ಹೋದಂತೆ ಕಾಣುತ್ತದೆ, ಹಾಗೆಯೇ ತಿರುಗುವ ಭೂಮಿಯ ಮೇಲಿನ ನಮಗೆ ನಕ್ಷತ್ರಗಳು ಪಶ್ಚಿಮಕ್ಕೆ ಹೋದಂತೆ ಕಾಣುತ್ತವೆ ಎಂದು ಅವರು ಹೇಳಿದ್ದಾರೆ. ಅಂದರೆ ಈ ವಿಚಾರ ಚಕ್ಕಡಿಗೂ ಬೇಕು, ಚುಕ್ಕಿಗೂ ಬೇಕು.

ಎದುರು ಬಂದಾಗ ಏಕೆ ಕೂಡಿಸಬೇಕು?

ಎರಡು ಹಳ್ಳಿಗಳ ನಡುವೆ 16 ಕಿ.ಮೀ. ಒಂದು ಹಳ್ಳಿಯಿಂದ ಚಕ್ಕಡಿ ಗಂಟೆಗೆ 4 ಕಿ.ಮೀ. ವೇಗದಲ್ಲಿ ಹೊರಟಿತು. ಅದೇ ಹೊತ್ತಿಗೆ ಇನ್ನೊಂದು ಹಳ್ಳಿಯಿಂದ ಒಬ್ಬ ಹುಡುಗ ಸೈಕಲ್ ಮೇಲೆ ಗಂಟೆಗೆ 12 ಕಿ.ಮೀ. ವೇಗದಲ್ಲಿ ಎದುರು ಹೊರಟ. ಎಷ್ಟು ಹೊತ್ತಿಗೆ ಕೂಡುತ್ತಾರೆ?

ಪ್ರಶ್ನೆ 1: ಒಂದು ಗಂಟೆಯಲ್ಲಿ ಚಕ್ಕಡಿ 4 ಕಿ.ಮೀ. ಅಂತರ ತಿನ್ನುತ್ತದೆ. ಸೈಕಲ್ ಆ ಕಡೆಯಿಂದ 12 ಕಿ.ಮೀ. ತಿನ್ನುತ್ತದೆ. ಒಂದು ರೊಟ್ಟಿಯನ್ನು ಇಬ್ಬರು ಎರಡು ಕಡೆಯಿಂದ ತಿಂದಂತೆ. ಆದ್ದರಿಂದ 4 + 12 = 16 ಕಿ.ಮೀ.

ಪ್ರಶ್ನೆ 2: ಮುಗಿಯಬೇಕಾದ ಅಂತರ 16 ಕಿ.ಮೀ.

ಕಾಲ = 16 ÷ 16 = 1 ಗಂಟೆ.

ತಾಳೆ: ಒಂದು ಗಂಟೆಯಲ್ಲಿ ಚಕ್ಕಡಿ 4 ಕಿ.ಮೀ. ಬಂತು, ಸೈಕಲ್ 12 ಕಿ.ಮೀ. ಬಂತು. ಎರಡೂ ಸೇರಿ 16. ಸರಿಯಾಯಿತು.

ಬೆನ್ನು ಹತ್ತಿದಾಗ ಏಕೆ ಕಳೆಯಬೇಕು?

ಈಗ ಚಕ್ಕಡಿ ಮತ್ತು ಸೈಕಲ್ ಒಂದೇ ಊರಿಂದ ಒಂದೇ ಕಡೆ ಹೋಗುತ್ತವೆ. ಚಕ್ಕಡಿ ಎರಡು ಗಂಟೆ ಮೊದಲೇ ಹೋಗಿದೆ. ಅಂದರೆ ಅದು 8 ಕಿ.ಮೀ. ಮುಂದೆ ಇದೆ. ಬುತ್ತಿ ಗಂಟು ಮನೆಯಲ್ಲೇ ಉಳಿದಿದೆ ಎಂದು ಹುಡುಗ ಅದನ್ನು ತಗೊಂಡು ಸೈಕಲ್ ಮೇಲೆ ಬೆನ್ನು ಹತ್ತಿದ.

ಪ್ರಶ್ನೆ 1: ಒಂದು ಗಂಟೆಯಲ್ಲಿ ಸೈಕಲ್ 12 ಕಿ.ಮೀ. ಅಂತರ ಮುಗಿಸುತ್ತದೆ. ಆದರೆ ಚಕ್ಕಡಿ ಸುಮ್ಮನೆ ನಿಂತಿರುವುದಿಲ್ಲ, ಮತ್ತೆ 4 ಕಿ.ಮೀ. ಹೊಸ ಅಂತರ ಹಾಕುತ್ತದೆ. ಹುಡುಗನಿಗೆ ನಿಜವಾಗಿ ಸಿಕ್ಕ ಲಾಭ 12 − 4 = 8 ಕಿ.ಮೀ.

ಪ್ರಶ್ನೆ 2: ಮುಗಿಯಬೇಕಾದ ಅಂತರ 8 ಕಿ.ಮೀ.

ಕಾಲ = 8 ÷ 8 = 1 ಗಂಟೆ.

ತಾಳೆ: ಚಕ್ಕಡಿ ಒಟ್ಟು ಮೂರು ಗಂಟೆ ನಡೆದು 12 ಕಿ.ಮೀ. ಹೋಯಿತು. ಸೈಕಲ್ ಒಂದು ಗಂಟೆಯಲ್ಲಿ 12 ಕಿ.ಮೀ. ಹೋಯಿತು. ಇಬ್ಬರೂ ಒಂದೇ ಜಾಗದಲ್ಲಿ ಇದ್ದಾರೆ.

ಇನ್ನೊಂದು ಮಾತು. ಹಿಂದಿನವನ ವೇಗ ಮುಂದಿನವನಿಗಿಂತ ಕಡಿಮೆ ಇದ್ದರೆ ಎಂದಿಗೂ ಹಿಡಿಯಲಿಕ್ಕೆ ಆಗುವುದಿಲ್ಲ. ಅಂತರ ಬೆಳೆಯುತ್ತಲೇ ಹೋಗುತ್ತದೆ. ಪ್ರಶ್ನೆ ಓದುವಾಗ ಇದನ್ನೂ ನೋಡಬೇಕು.

18ಕ್ಕೆ 5

ರೈಲಿನ ಲೆಕ್ಕದಲ್ಲಿ ವೇಗವನ್ನು ಗಂಟೆಗೆ ಕಿಲೋಮೀಟರಿನಲ್ಲಿ ಕೊಡುತ್ತಾರೆ, ಉದ್ದವನ್ನು ಮೀಟರಿನಲ್ಲಿ ಕೊಡುತ್ತಾರೆ. ಜೋಳವನ್ನು ಸೇರಿನಿಂದ ಅಳೆದು, ಬೆಲೆಯನ್ನು ಕಿಲೋಗೆ ಹೇಳಿದಂಗ ಇದು. ಎರಡನ್ನೂ ಒಂದೇ ಅಳತೆಗೆ ತರಬೇಕು.

ಗಂಟೆಗೆ 18 ಕಿ.ಮೀ. ಅಂದರೆ 18,000 ಮೀಟರ್. ಒಂದು ಗಂಟೆಗೆ 3,600 ಸೆಕೆಂಡು. 18,000 ÷ 3,600 = 5. ಆದ್ದರಿಂದ ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್. ಇದೊಂದು ನೆನಪಿದ್ದರೆ ಉಳಿದದ್ದು ಮಗ್ಗಿ.

ಗಂಟೆಗೆ 18 ಕಿ.ಮೀ. = ಸೆಕೆಂಡಿಗೆ 5 ಮೀ.
ಗಂಟೆಗೆ 36 ಕಿ.ಮೀ. = ಸೆಕೆಂಡಿಗೆ 10 ಮೀ.
ಗಂಟೆಗೆ 54 ಕಿ.ಮೀ. = ಸೆಕೆಂಡಿಗೆ 15 ಮೀ.
ಗಂಟೆಗೆ 72 ಕಿ.ಮೀ. = ಸೆಕೆಂಡಿಗೆ 20 ಮೀ.
ಗಂಟೆಗೆ 90 ಕಿ.ಮೀ. = ಸೆಕೆಂಡಿಗೆ 25 ಮೀ.

ಪುಸ್ತಕದಲ್ಲಿ 36, 54, 72 ಇವೇ ಸಂಖ್ಯೆಗಳು ಏಕೆ ಹೆಚ್ಚು ಬರುತ್ತವೆ ಎಂದು ಈಗ ತಿಳಿಯಿತಲ್ಲ? ಎಲ್ಲವೂ 18ರ ಮಗ್ಗಿಯಲ್ಲಿ ಬರುತ್ತವೆ.

ಮೂತಿ ಮತ್ತು ಬಾಲ

ಇಲ್ಲಿಯವರೆಗೆ ಚಕ್ಕಡಿಯ ಉದ್ದವನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ. 16 ಕಿ.ಮೀ. ದೂರದ ಮುಂದೆ ಚಕ್ಕಡಿಯ ಉದ್ದ ಎಷ್ಟರದು? ಆದರೆ ರೈಲು ಬಹಳ ಉದ್ದ. ಈಗಿನ ಎಲ್‌ಎಚ್‌ಬಿ ಎಂಬ ಡಬ್ಬಿ ಒಂದೊಂದೇ ಸುಮಾರು 24 ಮೀಟರ್ ಇರುತ್ತದೆ. 20 ಡಬ್ಬಿ ಜೋಡಿಸಿದರೆ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಆಯಿತು. ಅದಕ್ಕೇ ರೈಲಿನ ಲೆಕ್ಕದಲ್ಲಿ ಉದ್ದ ಬರುತ್ತದೆ.

ನಮ್ಮ ಕಡೆ ರೈಲಿಗೆ ಹತ್ತಿರದ ವಸ್ತು ಯಾವುದಂದ್ರ ಕಬ್ಬಿನ ಟ್ರ್ಯಾಕ್ಟರ್. ಹಿಂದೆ ಎರಡು ಟ್ರೇಲರ್ ಜೋಡಿಸಿಕೊಂಡು ಕಾರ್ಖಾನೆಗೆ ಹೋಗುತ್ತದಲ್ಲ, ಅದೇ ನಮ್ಮ ರೈಲು. ಅದರ ಒಟ್ಟು ಉದ್ದ 20 ಮೀಟರ್, ವೇಗ ಗಂಟೆಗೆ 18 ಕಿ.ಮೀ. ಎಂದು ಹಿಡಿಯೋಣ. ಅದು ಒಂದು ಬೇವಿನ ಗಿಡವನ್ನು ದಾಟಲು ಎಷ್ಟು ಹೊತ್ತು?

ಟ್ರ್ಯಾಕ್ಟರಿನ ಮೂತಿ ಗಿಡಕ್ಕೆ ಬಂದಾಗ ಗಡಿಯಾರ ಶುರು ಮಾಡ್ರಿ. ಕೊನೆಯ ಟ್ರೇಲರಿನ ಬಾಲ ಗಿಡ ಬಿಟ್ಟಾಗ ನಿಲ್ಲಿಸ್ರಿ. ಅಷ್ಟರಲ್ಲಿ ಮೂತಿ ಎಷ್ಟು ಮುಂದೆ ಹೋಗಿರುತ್ತದೆ? ತನ್ನ ಉದ್ದದಷ್ಟು, 20 ಮೀಟರ್. ವೇಗ ಸೆಕೆಂಡಿಗೆ 5 ಮೀಟರ್. 20 ÷ 5 = 4 ಸೆಕೆಂಡು.

ಇದನ್ನು ಹೀಗೆ ನೆನಪಿಡ್ರಿ: ಮೂತಿ ಮುಟ್ಟಿದಾಗ ಶುರು, ಬಾಲ ಬಿಟ್ಟಾಗ ಮುಗಿಯಿತು. ರೈಲಿನ ಕೊನೆಯ ಡಬ್ಬಿಯ ಬೆನ್ನ ಮೇಲೆ ಗುಣಾಕಾರದ ಚಿಹ್ನೆಯಂಥ ದೊಡ್ಡ ಗುರುತು ಬಳಿದಿರುತ್ತಾರೆ. ಅದು ಕಂಡರೆ ರೈಲು ಪೂರ್ತಿ ದಾಟಿತು, ಹಿಂದಿನ ಡಬ್ಬಿ ಯಾವುದೂ ಕಳಚಿ ಉಳಿದಿಲ್ಲ ಎಂದು ನಿಲ್ದಾಣದವರಿಗೆ ಗೊತ್ತಾಗುತ್ತದೆ. ನಮ್ಮ ಲೆಕ್ಕವೂ ಆ ಗುರುತು ದಾಟುವವರೆಗೆ ಮುಗಿಯುವುದಿಲ್ಲ.

ಈಗ ಗಿಡದ ಬದಲು ಪ್ಲಾಟ್‌ಫಾರ್ಮ್ ಇದ್ದರೆ? ಪ್ಲಾಟ್‌ಫಾರ್ಮಿಗೂ ಉದ್ದ ಇರುತ್ತದೆ. ಮೂತಿ ಪ್ಲಾಟ್‌ಫಾರ್ಮಿನ ಈ ತುದಿಗೆ ಬಂದಾಗ ಶುರು, ಬಾಲ ಆ ತುದಿ ಬಿಟ್ಟಾಗ ಕೊನೆ. ಆದ್ದರಿಂದ ಪ್ಲಾಟ್‌ಫಾರ್ಮಿನ ಉದ್ದ + ರೈಲಿನ ಉದ್ದ.

ಇದಕ್ಕೆ ನಮ್ಮ ಹತ್ತಿರದ ಉದಾಹರಣೆಯೇ ಎಲ್ಲಕ್ಕಿಂತ ದೊಡ್ಡದು. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ ಇದೆ. 2023ರ ಮಾರ್ಚ್ 12ರಂದು ಅದರ ಉದ್ಘಾಟನೆ ಆದಾಗ ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಎಂದು ಹೆಸರಾಯಿತು. ಒಂದು ಗೂಡ್ಸ್ ಗಾಡಿ ಅಲ್ಲಿ ನಿಲ್ಲದೆ ನಿಧಾನವಾಗಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ದಾಟಿತು ಎಂದು ಹಿಡಿಯೋಣ. ಗಾಡಿಯ ಉದ್ದ 493 ಮೀಟರ್ ಇರಲಿ, ಲೆಕ್ಕ ಸರಳ ಆಗುತ್ತದೆ.

ಮುಗಿಯಬೇಕಾದ ಅಂತರ = 1507 + 493 = 2000 ಮೀ.
ವೇಗ = ಸೆಕೆಂಡಿಗೆ 10 ಮೀ.
ಕಾಲ = 2000 ÷ 10 = 200 ಸೆಕೆಂಡು = 3 ನಿಮಿಷ 20 ಸೆಕೆಂಡು.

ಅದೇ ಪ್ಲಾಟ್‌ಫಾರ್ಮಿನ ಮೇಲೆ ಬುಟ್ಟಿ ಇಟ್ಟುಕೊಂಡು ನಿಂತ ಒಬ್ಬ ಅಜ್ಜಿಯನ್ನು ದಾಟಲು ಎಷ್ಟು ಹೊತ್ತು? ಅಜ್ಜಿಗೆ ಉದ್ದ ಲೆಕ್ಕಕ್ಕಿಲ್ಲ. 493 ÷ 10 = 49.3 ಸೆಕೆಂಡು. ಗಾಡಿ ಅದೇ, ವೇಗ ಅದೇ, ದಾಟುವ ವಸ್ತು ಬೇರೆ, ಅದಕ್ಕೇ ಉತ್ತರ ಬೇರೆ.

ಎರಡು ರೈಲು ಬಂದರೆ

ಈಗ ಎರಡನ್ನೂ ಸೇರಿಸೋಣ. 200 ಮೀಟರ್ ಉದ್ದದ ರೈಲು ಗಂಟೆಗೆ 54 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. 300 ಮೀಟರ್ ಉದ್ದದ ಇನ್ನೊಂದು ರೈಲು ಪಕ್ಕದ ಹಳಿಯ ಮೇಲೆ ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋಗುತ್ತಿದೆ.

(ಅ) ಎದುರು ಬದುರಾಗಿ ಬಂದರೆ:
ಪ್ರಶ್ನೆ 1: 15 + 10 = ಸೆಕೆಂಡಿಗೆ 25 ಮೀ.
ಪ್ರಶ್ನೆ 2: 200 + 300 = 500 ಮೀ.
ಕಾಲ = 500 ÷ 25 = 20 ಸೆಕೆಂಡು.

(ಆ) ಒಂದೇ ಕಡೆ ಹೋದರೆ:
ಪ್ರಶ್ನೆ 1: 15 − 10 = ಸೆಕೆಂಡಿಗೆ 5 ಮೀ.
ಪ್ರಶ್ನೆ 2: 200 + 300 = 500 ಮೀ.
ಕಾಲ = 500 ÷ 5 = 100 ಸೆಕೆಂಡು.

ನೋಡ್ರಿ, ಎರಡರಲ್ಲೂ ಉದ್ದ ಕೂಡಿಸಿದ್ದೇ. ವೇಗವನ್ನು ಮಾತ್ರ ಒಮ್ಮೆ ಕೂಡಿಸಿದೆವು, ಒಮ್ಮೆ ಕಳೆದೆವು. ಒಂದೇ ಕಡೆ ಹೋಗುವಾಗ ಕೆಲವರು ಉದ್ದವನ್ನೂ ಕಳೆದುಬಿಡುತ್ತಾರೆ. ಹಾಗೆ ಮಾಡಬಾರದು. ಹಿಂದಿನ ರೈಲಿನ ಮೂತಿ ಮುಂದಿನದರ ಬಾಲ ಮುಟ್ಟಿದಾಗ ಶುರು. ಹಿಂದಿನದರ ಬಾಲ ಮುಂದಿನದರ ಮೂತಿಯನ್ನು ಬಿಟ್ಟಾಗ ಕೊನೆ. ನಡುವೆ ಎರಡೂ ರೈಲಿನ ಉದ್ದ ಕಳೆದುಹೋಗಬೇಕು.

(ಇ) ಮೊದಲ ರೈಲಿನ ಕಿಟಕಿಯಲ್ಲಿ ಕುಳಿತ ಒಬ್ಬ ಹುಡುಗಿಗೆ, ಎದುರು ಬಂದ ರೈಲು ಎಷ್ಟು ಹೊತ್ತು ಕಾಣುತ್ತದೆ?
ಇಲ್ಲಿ ಹುಡುಗಿಗೆ ಉದ್ದ ಇಲ್ಲ. ಅವಳು ಕುಳಿತ ರೈಲಿನ ಉದ್ದ ಬೇಡ. ಎದುರಿನ ರೈಲಿನ ಉದ್ದ ಮಾತ್ರ ಬೇಕು, 300 ಮೀ. ಆದರೆ ಅವಳು ಓಡುವ ರೈಲಿನಲ್ಲಿ ಇದ್ದಾಳೆ, ಆದ್ದರಿಂದ ವೇಗ 25. ಕಾಲ = 300 ÷ 25 = 12 ಸೆಕೆಂಡು.

ಪರೀಕ್ಷೆಯಲ್ಲಿ ತಿರುಗಿಸಿ ಕೇಳುವುದು ಇಂಥದನ್ನೇ. "ಯಾರ ಮೂತಿ? ಯಾರ ಬಾಲ?" ಎಂದು ಕೇಳಿಕೊಂಡರೆ ಪ್ರಶ್ನೆ ತಾನೇ ದಾರಿ ತೋರಿಸುತ್ತದೆ.

ಮೈದಾನದಲ್ಲಿ ರೈಲು ಮಾಡ್ರಿ

ಬಾಯಿಮಾತಿಗೆ ನಂಬಿಕೆ ಬರದಿದ್ದರೆ ಆಟದ ಪಿರಿಯಡ್ಡಿನಲ್ಲಿ ಮಾಡಿ ನೋಡಬಹುದು. ಹತ್ತು ಮಂದಿ ಹೆಗಲ ಮೇಲೆ ಕೈಯಿಟ್ಟು ಒಂದು ರೈಲು ಆಗಬೇಕು. ಇನ್ನೊಂದು ಹತ್ತು ಮಂದಿ ಎರಡನೆಯ ರೈಲು. ಒಂದೊಂದು ಸಾಲು 6 ಮೀಟರ್ ಬರುವಂತೆ ನಿಲ್ಲಬೇಕು. ಸೆಕೆಂಡಿಗೆ 1 ಮೀಟರಿನಂತೆ ನಿಧಾನ ನಡೆಯಬೇಕು. ಅದಕ್ಕಾಗಿ ನೆಲದ ಮೇಲೆ ಮೀಟರಿಗೊಂದು ಸುಣ್ಣದ ಗೆರೆ ಹಾಕಿ, ಒಬ್ಬರು ಚಪ್ಪಾಳೆ ತಟ್ಟಿ ತಾಳ ಕೊಡಬೇಕು.

ಮೊದಲು ಒಂದು ರೈಲು ನಿಂತಿರಲಿ, ಇನ್ನೊಂದು ಅದನ್ನು ದಾಟಲಿ. 6 + 6 = 12 ಮೀ., ವೇಗ 1. ಆದ್ದರಿಂದ 12 ಚಪ್ಪಾಳೆ. ಆಮೇಲೆ ಎರಡೂ ಎದುರು ಬದುರು ನಡೆಯಲಿ. 12 ÷ 2 = 6 ಚಪ್ಪಾಳೆ. ಅರ್ಧಕ್ಕೆ ಇಳಿಯುತ್ತದೆ. ಮೂರನೆಯ ಸಲ ಎರಡೂ ಒಂದೇ ಕಡೆ ಒಂದೇ ತಾಳಕ್ಕೆ ನಡೆಯಲಿ. ಎಷ್ಟು ಚಪ್ಪಾಳೆ ತಟ್ಟಿದರೂ ಒಂದು ಇನ್ನೊಂದನ್ನು ದಾಟುವುದಿಲ್ಲ. ಸಣ್ಣ ತರಗತಿಯವರಿಗೆ ಇದು ಆಟ, ನಮಗೆ ಪಾಠ.

ರಸ್ತೆಯ ಮೇಲಿನ ಲೆಕ್ಕ

ಈಗ ಹೇಳುವುದು ಅಂಕಕ್ಕಾಗಿ ಅಲ್ಲ, ಜೀವಕ್ಕಾಗಿ. ದಯವಿಟ್ಟು ಈ ಭಾಗವನ್ನು ಎಲ್ಲರೂ ಓದಬೇಕು.

ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳಲ್ಲಿ ಟ್ರೇಲರುಗಳ ಸಾಲೇ ಇರುತ್ತದೆ. ಹಿಂದೆ ಬಂದ ಗಾಡಿಯವರಿಗೆ ತಾಳ್ಮೆ ಇರುವುದಿಲ್ಲ. "ಎದುರಿನ ಗಾಡಿ ಇನ್ನೂ ದೂರ ಐತಿ, ಹೊಡಿ" ಎನ್ನುತ್ತಾರೆ. ದೂರ ಎಂದರೆ ಎಷ್ಟು? ಲೆಕ್ಕ ಮಾಡಿ ನೋಡೋಣ.

ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಸೇರಿ 19 ಮೀ., ವೇಗ ಗಂಟೆಗೆ 18 ಕಿ.ಮೀ. ಅದನ್ನು ಹಿಂದಿಕ್ಕುವ ಬಸ್ಸಿನ ಉದ್ದ 11 ಮೀ., ವೇಗ ಗಂಟೆಗೆ 54 ಕಿ.ಮೀ. ಬಸ್ಸು ಟ್ರೇಲರಿನ ಬಾಲಕ್ಕಿಂತ 20 ಮೀ. ಹಿಂದೆ ಇರುವಾಗ ಬಲಕ್ಕೆ ಬರುತ್ತದೆ, ಟ್ರ್ಯಾಕ್ಟರಿನ ಮೂತಿಗಿಂತ 20 ಮೀ. ಮುಂದೆ ಹೋದ ಮೇಲೆ ತಿರುಗಿ ಎಡಕ್ಕೆ ಸೇರುತ್ತದೆ.

ಪ್ರಶ್ನೆ 1: ಒಂದೇ ಕಡೆ ಹೋಗುತ್ತಿವೆ. 15 − 5 = ಸೆಕೆಂಡಿಗೆ 10 ಮೀ.
ಪ್ರಶ್ನೆ 2: 20 + 19 + 20 + 11 = 70 ಮೀ.
ಕಾಲ = 70 ÷ 10 = 7 ಸೆಕೆಂಡು.

ಅಂದರೆ ಬಸ್ಸು 7 ಸೆಕೆಂಡು ಎದುರು ಬರುವವರ ಬದಿಯಲ್ಲಿ ಇರುತ್ತದೆ. ಆ 7 ಸೆಕೆಂಡಿನಲ್ಲಿ ಎದುರಿನಿಂದ ಒಂದು ಜೀಪು ಗಂಟೆಗೆ 72 ಕಿ.ಮೀ. ವೇಗದಲ್ಲಿ ಬರುತ್ತಿದ್ದರೆ? ಬಸ್ಸು ಮತ್ತು ಜೀಪು ಎದುರು ಬದುರು. ಈಗ ಕೂಡಿಸಬೇಕು. 15 + 20 = ಸೆಕೆಂಡಿಗೆ 35 ಮೀ. ಅಂತರ ಕಡಿಮೆಯಾಗುತ್ತದೆ. 7 ಸೆಕೆಂಡಿಗೆ 35 × 7 = 245 ಮೀ.

ನಮ್ಮ ಕ್ರೀಡಾಕೂಟದ ನೂರು ಮೀಟರ್ ಓಟದ ಪಟ್ಟಿ ಎರಡೂವರೆ ಆಯಿತು! ಬಸ್ಸು ಹೊರಟಾಗ ಜೀಪು 245 ಮೀಟರಿಗಿಂತ ಹತ್ತಿರ ಇದ್ದರೆ ಬಸ್ಸಿಗೆ ತಿರುಗಿ ತನ್ನ ಬದಿಗೆ ಬರಲಿಕ್ಕೆ ವೇಳೆ ಸಾಲುವುದಿಲ್ಲ. ಸರಿಯಾಗಿ 245 ಇದ್ದರೂ ಮೂತಿಗೆ ಮೂತಿ ತಾಗುವಂತೆ ಬಂದು ಉಳಿಯುತ್ತಾರೆ. ತಿರುವಿನಲ್ಲಿ, ಏರಿನಲ್ಲಿ, ಮಂಜಿನಲ್ಲಿ ಅಷ್ಟು ದೂರ ಕಣ್ಣಿಗೆ ಕಾಣುವುದೇ ಇಲ್ಲ. ರಾತ್ರಿ ಹೊತ್ತು ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದಿದ್ದರೆ ಅದರ ಬಾಲ ಎಲ್ಲಿ ಎಂಬುದೂ ತಿಳಿಯುವುದಿಲ್ಲ. ಕತ್ತಲೆಯಲ್ಲಿ ಒಂದು ಟ್ರೇಲರ್ ಎಂದು ತಿಳಿದು ಹಿಂದಿಕ್ಕಲು ಹೋದರೆ ಮುಂದೆ ಇನ್ನೊಂದು ಇರುತ್ತದೆ.

ರಸ್ತೆ ದಾಟುವ ನಮಗೂ ಒಂದು ಲೆಕ್ಕ ಐತಿ. ರಸ್ತೆಯ ಅಗಲ 7 ಮೀಟರ್, ನಾವು ಸೆಕೆಂಡಿಗೆ 1 ಮೀಟರ್ ನಡೆಯುತ್ತೇವೆ ಎಂದರೆ 7 ಸೆಕೆಂಡು ಬೇಕು. ಅದೇ ಹೊತ್ತಿನಲ್ಲಿ ಆ ಜೀಪು 20 × 7 = 140 ಮೀಟರ್ ಬಂದುಬಿಡುತ್ತದೆ. "ದೂರ ಐತಿ" ಎಂದು ಕಣ್ಣು ಹೇಳುತ್ತದೆ, "ಹತ್ತಿರ ಐತಿ" ಎಂದು ಲೆಕ್ಕ ಹೇಳುತ್ತದೆ. ಇಂಥ ಜಾಗದಲ್ಲಿ ಲೆಕ್ಕದ ಮಾತು ಕೇಳಬೇಕು. ಮನೆಯಲ್ಲಿ ಬೈಕ್, ಟ್ರ್ಯಾಕ್ಟರ್ ಓಡಿಸುವ ಅಪ್ಪ, ಕಾಕಾ, ಅಣ್ಣಂದಿರಿಗೆ ಈ 245ರ ಲೆಕ್ಕವನ್ನು ಒಮ್ಮೆ ಮಾಡಿ ತೋರಿಸ್ರಿ. ಉಪದೇಶಕ್ಕೆ ಕೋಪ ಬರಬಹುದು, ಆದರೆ ಲೆಕ್ಕದ ಮೇಲೆ ಯಾರೂ ಕೋಪ ಮಾಡುವುದಿಲ್ಲ.

ಬರಬೇಕಾದ ರೈಲು

ಈಗ ಧಾರವಾಡದಿಂದ ಬೆಳಗಾವಿಗೆ ಹೋಗುವ ರೈಲು ಅಳ್ನಾವರ, ಲೋಂಡಾ ಸುತ್ತಿ ಹೋಗುತ್ತದೆ. ಕಿತ್ತೂರ ಮೇಲೆ ನೇರವಾಗಿ ಹೋಗುವ ಸುಮಾರು 73 ಕಿ.ಮೀ. ಹೊಸ ಮಾರ್ಗ ಮಂಜೂರಾಗಿದೆ. ಅದರ ಮೇಲೆ ಇನ್ನೂ ರೈಲು ಓಡಿಲ್ಲ. ನಾವು ಕಾಗದದ ಮೇಲೆ ಇವತ್ತೇ ಓಡಿಸೋಣ.

ಧಾರವಾಡದಿಂದ ಒಂದು ರೈಲು ಗಂಟೆಗೆ 80 ಕಿ.ಮೀ. ವೇಗದಲ್ಲಿ, ಬೆಳಗಾವಿಯಿಂದ ಇನ್ನೊಂದು ಗಂಟೆಗೆ 66 ಕಿ.ಮೀ. ವೇಗದಲ್ಲಿ ಮುಂಜಾನೆ 8 ಗಂಟೆಗೆ ಹೊರಟವು. ಎಷ್ಟು ಹೊತ್ತಿಗೆ, ಎಲ್ಲಿ ಎದುರಾಗುತ್ತವೆ?

ಪ್ರಶ್ನೆ 1: 80 + 66 = ಗಂಟೆಗೆ 146 ಕಿ.ಮೀ.
ಪ್ರಶ್ನೆ 2: 73 ಕಿ.ಮೀ.
ಕಾಲ = 73 ÷ 146 = ಅರ್ಧ ಗಂಟೆ. ಅಂದರೆ 8 ಗಂಟೆ 30 ನಿಮಿಷಕ್ಕೆ.

ಅಷ್ಟರಲ್ಲಿ ಧಾರವಾಡದ ರೈಲು 40 ಕಿ.ಮೀ., ಬೆಳಗಾವಿಯ ರೈಲು 33 ಕಿ.ಮೀ. ಬಂದಿರುತ್ತವೆ. 40 + 33 = 73. ತಾಳೆ ಸರಿ. ಇಲ್ಲಿ ರೈಲಿನ ಉದ್ದ ಹಿಡಿಯಲಿಲ್ಲ, ಏಕೆಂದರೆ ಮೂತಿಗೆ ಮೂತಿ ಎದುರಾಗುವ ಹೊತ್ತನ್ನಷ್ಟೇ ಕೇಳಿದ್ದಾರೆ. ಎರಡು ಹಳಿ ಇದ್ದರೆ ಎರಡೂ ಸುರಕ್ಷಿತ ದಾಟುತ್ತವೆ. ಒಂದೇ ಹಳಿ ಇದ್ದರೆ ಒಂದನ್ನು ಮೊದಲೇ ನಿಲ್ದಾಣದ ಜೋಡಿ ಹಳಿಯಲ್ಲಿ ನಿಲ್ಲಿಸಿ ಇನ್ನೊಂದಕ್ಕೆ ದಾರಿ ಬಿಡಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಯಾವ ಗಾಡಿ ಎಲ್ಲಿ ಕಾಯಬೇಕು ಎಂದು ರೈಲಿನ ವೇಳಾಪಟ್ಟಿ ಮಾಡುವವರಿಗೂ ಇದೇ ಲೆಕ್ಕ ಬೇಕಾಗುತ್ತದೆ.

ಲೆಕ್ಕ ಬಿಡಿಸುವ ಕ್ರಮ

1. ಚಿತ್ರ ಬರೆಯಿರಿ. ಎರಡು ಗೆರೆ, ಎರಡು ಬಾಣ ಸಾಕು.
2. ಕಿ.ಮೀ. ಮತ್ತು ಮೀಟರ್ ಬೆರೆತಿದ್ದರೆ 18ಕ್ಕೆ 5 ಮಾಡಿ ಒಂದೇ ಅಳತೆಗೆ ತನ್ನಿರಿ.
3. ಅಂತರ ಒಂದು ಸೆಕೆಂಡಿಗೆ ಎಷ್ಟು ಬದಲಾಗುತ್ತದೆ ಎಂದು ಬರೆಯಿರಿ.
4. ಯಾರ ಮೂತಿ, ಯಾರ ಬಾಲ ನೋಡಿ ಒಟ್ಟು ಅಂತರ ಬರೆಯಿರಿ.
5. ಭಾಗಿಸಿರಿ. ಕೊನೆಗೆ ತಾಳೆ ನೋಡಲು ಮರೆಯಬೇಡಿರಿ.

ನಿಮಗಾಗಿ ಅಭ್ಯಾಸ

1. 150 ಮೀ. ಉದ್ದದ ರೈಲು ಗಂಟೆಗೆ 54 ಕಿ.ಮೀ. ವೇಗದಲ್ಲಿ ಒಂದು ಕಂಬವನ್ನು ಎಷ್ಟು ಸೆಕೆಂಡಿನಲ್ಲಿ ದಾಟುತ್ತದೆ?
2. ಅದೇ ರೈಲು 300 ಮೀ. ಉದ್ದದ ಪ್ಲಾಟ್‌ಫಾರ್ಮನ್ನು ದಾಟಲು ಎಷ್ಟು ಹೊತ್ತು?
3. 180 ಮೀ. ಮತ್ತು 270 ಮೀ. ಉದ್ದದ ಎರಡು ರೈಲು ಗಂಟೆಗೆ 72 ಮತ್ತು 36 ಕಿ.ಮೀ. ವೇಗದಲ್ಲಿ ಎದುರು ಬದುರು ಬಂದರೆ ಪೂರ್ತಿ ದಾಟಲು ಎಷ್ಟು ಹೊತ್ತು?
4. ಅವೇ ರೈಲುಗಳು ಒಂದೇ ಕಡೆ ಹೋದರೆ?
5. ಒಂದು ಬಸ್ಸು ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋಗುತ್ತಿದೆ. 300 ಮೀ. ಹಿಂದಿನಿಂದ ಒಂದು ಮೋಟರ್ ಸೈಕಲ್ ಗಂಟೆಗೆ 54 ಕಿ.ಮೀ. ವೇಗದಲ್ಲಿ ಬಂದರೆ ಎಷ್ಟು ಹೊತ್ತಿಗೆ ಬಸ್ಸಿನ ಬಾಲ ಮುಟ್ಟುತ್ತದೆ?
6. (ಜಾಣರಿಗೆ) 200 ಮೀ. ಉದ್ದದ ರೈಲು ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋಗುತ್ತಾ, ಎದುರಿನಿಂದ ಬಂದ 220 ಮೀ. ಉದ್ದದ ರೈಲನ್ನು 12 ಸೆಕೆಂಡಿನಲ್ಲಿ ದಾಟಿತು. ಎದುರಿನ ರೈಲಿನ ವೇಗ ಎಷ್ಟು?

ಉತ್ತರಗಳು (ಮೊದಲು ಬಿಡಿಸಿ, ಆಮೇಲೆ ನೋಡ್ರಿ): 1) 10 ಸೆಕೆಂಡು. 2) 30 ಸೆಕೆಂಡು. 3) 15 ಸೆಕೆಂಡು. 4) 45 ಸೆಕೆಂಡು. 5) 60 ಸೆಕೆಂಡು. 6) ಗಂಟೆಗೆ 54 ಕಿ.ಮೀ.

ಆರನೆಯದನ್ನು ಬಿಡಿಸಿದವರು ಹಾಳೆಯ ಮೇಲೆ ಕ್ರಮ ಬರೆದು ಈ ಪತ್ರಿಕೆಯ ಪಕ್ಕದ ಮೊಳೆಗೆ ಸಿಕ್ಕಿಸಿರಿ. ಬೇರೆ ದಾರಿಯಿಂದ ಬಿಡಿಸಿದ್ದರೆ ಇನ್ನೂ ಒಳ್ಳೆಯದು. ಮುಂದಿನ ಸಂಚಿಕೆಯಲ್ಲಿ ಅದನ್ನೇ ಬರೆಯೋಣ.